ತೂಕ ಎಲ್ಲಿ ಹೋಯಿತು? ಚಿಕ್ಕಮಗಳೂರಿನ ಕಾಫಿ ಖರೀದಿ ಕಚೇರಿಯೊಂದರ ಎಕ್ಸೆಲ್ ಪ್ರಕರಣ

ಚಿಕ್ಕಮಗಳೂರು ಪೇಟೆಯ ಒಂದು ಖಾಸಗಿ ಕಾಫಿ ಖರೀದಿ ಕಚೇರಿಯಲ್ಲಿ ಲೆಕ್ಕದ ಸಹಾಯಕಿಯೊಬ್ಬರು ತಮ್ಮ ಸಾಹುಕಾರರ ಮೆಚ್ಚುಗೆ ಗಳಿಸಬೇಕೆಂದು ಎಕ್ಸೆಲ್‌ನಲ್ಲಿ ಎರಡು ಸಲ ವರದಿ ಸಿದ್ಧಪಡಿಸಿದರು. ಮೊದಲನೆಯದು ಹತ್ತು ನಿಮಿಷದಲ್ಲಿ ಬಿದ್ದುಹೋಯಿತು. ಎರಡನೆಯದು ಆ ಕಚೇರಿ ಕಾಫಿ ಕೊಳ್ಳುವ ಕ್ರಮವನ್ನೇ ತುಸು ಬದಲಿಸಿತು. ಆ ಕಚೇರಿಯ ಲೆಕ್ಕಪತ್ರ ನೋಡಲು ತಿಂಗಳಿಗೆರಡು ಸಲ ಹೋಗುತ್ತಿದ್ದ ನಾನು ಎರಡೂ ಸಂದರ್ಭಗಳಲ್ಲಿ ಅದೇ ಕೋಣೆಯಲ್ಲಿದ್ದೆ. ವ್ಯಾಪಾರದ ಗುಟ್ಟು ಬಯಲಾಗಬಾರದೆಂದು ಇಲ್ಲಿ ನಿಜವಾದ ಖರೀದಿಯ ಅಂಕಿಗಳನ್ನು ಕೊಟ್ಟಿಲ್ಲ. ಲೆಕ್ಕದ ರೀತಿಯನ್ನು ತೋರಿಸಲು ಬೇಕಾದಷ್ಟು ದುಂಡಂಕಿಗಳನ್ನು ಮಾತ್ರ ಬಳಸಿದ್ದೇನೆ.

ಹಿನ್ನೆಲೆ

ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಲ್ಲಿ ಬೆಳೆಗಾರರು ತಮ್ಮ ಬೆಳೆಯನ್ನು ಮಂಡಳಿಗೇ ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಆ ಕಟ್ಟುಪಾಡು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮಾರಾಟ ಮುಕ್ತವಾಯಿತು. ಅಂದಿನಿಂದ ತೂಕ, ತೇವಾಂಶ ಮತ್ತು ಔಟ್‌ಟರ್ನ್‌ಗಳ (ಒಣ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ತಕರಾರೆಲ್ಲ ಖಾಸಗಿ ಖರೀದಿದಾರನ ಗಲ್ಲಾಪೆಟ್ಟಿಗೆಯ ಮುಂದೆಯೇ ತೀರ್ಮಾನವಾಗತೊಡಗಿತು. ನಾನು ಹೇಳುತ್ತಿರುವ ಸಾಹುಕಾರರು ಆ ಕಾಲದಲ್ಲೇ ವ್ಯಾಪಾರಕ್ಕಿಳಿದವರು. ಆಲ್ದೂರು, ಮೂಡಿಗೆರೆ ಮತ್ತು ಕೊಪ್ಪದಲ್ಲಿ ಅವರಿಗೆ ಒಂದೊಂದು ಡಿಪೋ ಇದ್ದು, ಪ್ರತಿ ಡಿಪೋದಲ್ಲೂ ಲೆಕ್ಕ ಬರೆಯುವ ಒಬ್ಬ ರೈಟರ್ ಇದ್ದಾರೆ. ಸುತ್ತಲಿನ ಸಣ್ಣ ಬೆಳೆಗಾರರು ಕಣದಲ್ಲಿ ಒಣಗಿಸಿ ತಂದ ಚೆರ್ರಿ ಕಾಫಿಯನ್ನು (ಸಿಪ್ಪೆಸಹಿತ ಒಣಗಿದ ಹಣ್ಣು) 50 ಕೆ.ಜಿ. ಚೀಲದ ಲೆಕ್ಕದಲ್ಲಿ ಕೊಂಡು, ಕೆಲವು ವಾರ ಗೋದಾಮಿನಲ್ಲಿಟ್ಟು, ಆಮೇಲೆ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುವುದು ಅಲ್ಲಿನ ಪದ್ಧತಿ.

ಡಿಪೋದಲ್ಲಿ ಕೊಂಡ ತೂಕಕ್ಕೂ ಕ್ಯೂರಿಂಗ್‌ನಲ್ಲಿ ಇಳಿಸಿಕೊಂಡ ತೂಕಕ್ಕೂ ಪ್ರತಿ ವರ್ಷ ವ್ಯತ್ಯಾಸ ಬರುತ್ತಿತ್ತು. ಮೂಡಿಗೆರೆಯ ಡಿಪೋದಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಕಾಫಿ ಒಣಗಿದಂತೆ ತೂಕ ಇಳಿಯುವುದು ಯಾರಿಗೂ ಹೊಸ ವಿಷಯವಲ್ಲ. ಆದರೆ ಎಷ್ಟು ಇಳಿದರೆ ಸಹಜ, ಎಲ್ಲಿಂದಾಚೆಗೆ ಅನುಮಾನಪಡಬೇಕು ಎಂಬುದಕ್ಕೆ ಕಚೇರಿಯಲ್ಲಿ ಯಾರ ಬಳಿಯೂ ಲೆಕ್ಕವಿರಲಿಲ್ಲ. ಹೀಗಾಗಿ ಮೂಡಿಗೆರೆಯ ರೈಟರ್ ಮೇಲೆ, ಬಾಯಿಬಿಟ್ಟು ಹೇಳದ ಒಂದು ಸಂಶಯ ಎರಡು ಮೂರು ವರ್ಷಗಳಿಂದ ತೂಗುತ್ತಿತ್ತು.

ಸಹಾಯಕಿ ಬಿ.ಕಾಂ. ಮುಗಿಸಿ ಸೇರಿದವರು, ಆಗ ಅವರಿಗೆ ಮೂರನೆಯ ಹಂಗಾಮು. ಮೂರೂ ಡಿಪೋಗಳ ಲೆಕ್ಕವನ್ನು ತಮಗೇ ವಹಿಸಬೇಕೆಂಬ ಆಸೆ ಅವರಿಗಿತ್ತು, ಅದನ್ನವರು ಮುಚ್ಚಿಡಲೂ ಇಲ್ಲ. ಮೇಲಿನವರ ಕಣ್ಣಿಗೆ ಬೀಳಬೇಕೆಂದು ಕೆಲಸ ಮಾಡುವುದನ್ನು ನಾವು ಸುಮ್ಮನೆ ಹಗುರವಾಗಿ ಕಾಣುತ್ತೇವೆ. ಈ ಪ್ರಕರಣದಲ್ಲಿ ಒಳ್ಳೆಯ ಕೆಲಸ ಹುಟ್ಟಿದ್ದೇ ಆ ಆಸೆಯಿಂದ.

ಮೊದಲ ಪ್ರಯತ್ನ

ಜನವರಿಯ ಒಂದು ಸೋಮವಾರ ಅವರು ಲ್ಯಾಪ್‌ಟಾಪ್ ತೆರೆದು ತೋರಿಸಿದ್ದು ಒಂದು ಡ್ಯಾಶ್‌ಬೋರ್ಡ್. ಅದರಲ್ಲಿ ಉಬ್ಬಿ ಕಾಣುವ ಪೈ ಚಾರ್ಟ್, ಕಾರಿನ ವೇಗಮಾಪಕದಂತಹ ಒಂದು ಮುಳ್ಳು, ಡಿಪೋದ ಹೆಸರು ಒತ್ತಿದರೆ ಚಿತ್ರಗಳೆಲ್ಲ ಬದಲಾಗುವ ಸ್ಲೈಸರ್ ಗುಂಡಿಗಳು ಇದ್ದವು. ಹಿಂದೆ ಅಂಕಿಗಳನ್ನು ಗುಂಪುಗೂಡಿಸಿ ಮೊತ್ತ ತೋರಿಸುವ ಪಿವಟ್ ಟೇಬಲ್, ಅದರ ಹಿಂದೆ ಬೆಳೆಗಾರರ ಹೆಸರನ್ನು ಎಳೆದು ತರುವ ವಿಲುಕಪ್ ಸೂತ್ರಗಳು. ಸಾಹುಕಾರರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ಚಂದ ಇದೆಯಮ್ಮ. ಮೂಡಿಗೆರೆದು ಹೋದ ವಾರದ ತೂಕ ಎಷ್ಟು, ಹೇಳು" ಎಂದರು.

ಆಕೆ ಮೂಡಿಗೆರೆಯ ಗುಂಡಿ ಒತ್ತಿದರು. ಪರದೆಯ ಮೇಲೆ ಬಂದ ಅಂಕಿ ಸಾಹುಕಾರರ ರೋಕಡಿ ಪುಸ್ತಕದ ಅಂಕಿಗೆ ಹೊಂದಲಿಲ್ಲ. ಅವರು ಇನ್ನೊಂದು ಲಾಟ್ (ಒಮ್ಮೆಗೆ ಕೊಂಡ ಕಾಫಿ) ಕೇಳಿದರು. ಅದಕ್ಕೆ ಬೇರೆ ಯಾರದೋ ಹೆಸರು ಅಂಟಿಕೊಂಡಿತ್ತು. "ನನ್ನ ಪುಸ್ತಕದಲ್ಲಿ ಬೇರೆ ಇದೆ" ಎಂದಷ್ಟೇ ಹೇಳಿ ಅವರು ಪುಸ್ತಕದತ್ತ ತಿರುಗಿದರು. ಅಲ್ಲಿಗೆ ಸಭೆ ಮುಗಿಯಿತು.

ಆ ಮಧ್ಯಾಹ್ನ ನಾವಿಬ್ಬರೂ ಕೂತು ಹುಡುಕಿದಾಗ ಮೂರು ದೋಷಗಳು ಸಿಕ್ಕವು, ಮೂರೂ ಕಲಿಯುವವರನ್ನು ಕಾಡುವಂಥವೇ. ಪಿವಟ್ ಟೇಬಲ್ ಮೂಲ ಅಂಕಿಗಳ ಒಂದು ಪ್ರತಿಯನ್ನು ತನ್ನೊಳಗೆ ಇಟ್ಟುಕೊಂಡು ಅದರ ಮೇಲೆ ಲೆಕ್ಕ ಮಾಡುತ್ತದೆ. ಮೂಲದಲ್ಲಿ ಹೊಸ ಸಾಲು ಸೇರಿದರೂ ರಿಫ್ರೆಶ್ ಒತ್ತುವವರೆಗೆ ಅದಕ್ಕೆ ಸುದ್ದಿ ತಲುಪುವುದಿಲ್ಲ. ಶನಿವಾರದ ಖರೀದಿ ಅದಕ್ಕೆ ತಲುಪಿರಲಿಲ್ಲ. ಎರಡನೆಯದು ವಿಲುಕಪ್‌ನ ನಾಲ್ಕನೆಯ ಅಂಶ. ಅದನ್ನು ಬರೆಯದೆ ಬಿಟ್ಟರೆ ಎಕ್ಸೆಲ್ ನಿಖರ ಹೊಂದಾಣಿಕೆಯನ್ನು ಹುಡುಕುವುದಿಲ್ಲ; ಪಟ್ಟಿ ಏರಿಕೆಯ ಕ್ರಮದಲ್ಲಿದೆಯೆಂದು ನಂಬಿಕೊಂಡು ಹತ್ತಿರದ್ದೊಂದನ್ನು ತಂದುಕೊಡುತ್ತದೆ. ಲಾಟ್ ಸಂಖ್ಯೆಗಳು ಬಂದ ಕ್ರಮದಲ್ಲಿ ಹಿಂದುಮುಂದಾಗಿ ಕೂತಿದ್ದರಿಂದ ಒಬ್ಬರ ಕಾಫಿ ಇನ್ನೊಬ್ಬರ ಹೆಸರಿಗೆ ಹೋಯಿತು. ದೋಷದ ಸೂಚನೆಯಾದರೂ ಬಂದಿದ್ದರೆ ಎಚ್ಚರವಾಗುತ್ತಿತ್ತು. ಇಲ್ಲಿ ಬಂದದ್ದು ನಂಬುವಂತಹ ತಪ್ಪು ಉತ್ತರ. ಮೂರನೆಯದು ಎಲ್ಲಕ್ಕಿಂತ ಸಣ್ಣದು. ಆಲ್ದೂರಿನ ರೈಟರ್ ಕೆಲವು ಕೋಶಗಳಲ್ಲಿ ಅಂಕಿಯ ಮುಂದೆ 'ಕೆ.ಜಿ.' ಎಂದು ಸೇರಿಸಿ ಬರೆದಿದ್ದರು. ಹಾಗೆ ಬರೆದೊಡನೆ ಅದು ಎಕ್ಸೆಲ್‌ಗೆ ಸಂಖ್ಯೆಯಲ್ಲ, ಬರೀ ಪಠ್ಯ. ಮೊತ್ತ ಕೂಡುವ ಸಮ್ ಸೂತ್ರ ಅಂತಹ ಕೋಶವನ್ನು ಸದ್ದಿಲ್ಲದೆ ದಾಟಿಹೋಗುತ್ತದೆ.

ಅಂಕಿಗಳನ್ನು ಸಾಲಿಗೆ ತಂದದ್ದು

ಮುಂದಿನ ಐದು ವಾರ ಆಕೆ ಒಂದು ಚಾರ್ಟನ್ನೂ ಬರೆಯಲಿಲ್ಲ. ಈ ಭಾಗವನ್ನು ನಾನು ತುಸು ದೀರ್ಘವಾಗಿ ಹೇಳಬೇಕಾಗಿದೆ, ಏಕೆಂದರೆ ಎಕ್ಸೆಲ್‌ನ ಶಕ್ತಿಯ ಬಗ್ಗೆ ಪಾಠ ಮಾಡುವವರು ಹೆಚ್ಚಾಗಿ ಹಾರಿಸಿಬಿಡುವುದು ಇದನ್ನೇ.

ಮೂರು ಡಿಪೋಗಳಿಂದ ಮೂರು ಬಗೆಯ ಕಡತಗಳು ಬರುತ್ತಿದ್ದವು. ಆಲ್ದೂರಿನವರು ಬೆಳೆಗಾರರ ಹೆಸರನ್ನು ಹಳೆಯ ನುಡಿ ಫಾಂಟ್‌ನಲ್ಲಿ, ಮೂಡಿಗೆರೆಯವರು ಯೂನಿಕೋಡ್ ಕನ್ನಡದಲ್ಲಿ, ಕೊಪ್ಪದವರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಹಳೆಯ ನುಡಿ ಫಾಂಟ್‌ನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕೋಶದೊಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟ್ ಬದಲಿಸಿದರೆ ಅದು ಅರ್ಥವಿಲ್ಲದ ಗೀಚಾಗಿಬಿಡುತ್ತದೆ. ಹೀಗಾಗಿ ಎರಡು ಡಿಪೋಗಳಿಗೆ ಕಾಫಿ ಕೊಟ್ಟ ಒಬ್ಬರೇ ಬೆಳೆಗಾರರು ಎಕ್ಸೆಲ್‌ನ ಕಣ್ಣಿಗೆ ಇಬ್ಬರಾಗುತ್ತಿದ್ದರು. ಪರದೆಯಲ್ಲಿ ಎರಡೂ ಹೆಸರು ಒಂದೇ ಥರ ಕಾಣುತ್ತಿದ್ದುದರಿಂದ ಇದರ ಕಾರಣ ಹೊಳೆಯಲು ಆಕೆಗೆ ಒಂದು ಇಡೀ ದಿನ ಬೇಕಾಯಿತು. ಕೊನೆಗೆ ಹೆಸರಿನ ಗೊಡವೆಯನ್ನೇ ಬಿಟ್ಟು ಪ್ರತಿ ಬೆಳೆಗಾರರಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟರು. ಹೆಸರು ಒಂದು ಹಾಳೆಯಲ್ಲಿ ಒಂದೇ ಸಲ, ಯೂನಿಕೋಡ್‌ನಲ್ಲಿ ಇರುತ್ತದೆ. ಉಳಿದೆಡೆ ಸಂಖ್ಯೆ ಮಾತ್ರ.

ದಿನಾಂಕದ ತೊಡಕು ಇನ್ನೂ ವಿಚಿತ್ರವಾಗಿತ್ತು. ಕೊಪ್ಪದ ಕಂಪ್ಯೂಟರ್‌ನಲ್ಲಿ ಪ್ರದೇಶದ ಸೆಟ್ಟಿಂಗ್ ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ರೈಟರ್ ಫೆಬ್ರುವರಿ 5 ಎಂದು ಬರೆದದ್ದು ಮೇ 2 ಆಗಿ ಕೂರುತ್ತಿತ್ತು. ಫೆಬ್ರುವರಿ 12 ಡಿಸೆಂಬರ್ 2 ಆಗುತ್ತಿತ್ತು. 12ನೇ ತಾರೀಕಿನ ನಂತರದವು ಯಾವ ತಿಂಗಳಿಗೂ ಹೊಂದದೆ ಪಠ್ಯವಾಗಿಯೇ ಉಳಿಯುತ್ತಿದ್ದವು. ಇನ್ನೂ ಬರಬೇಕಾದ ಡಿಸೆಂಬರ್‌ನಲ್ಲಿ ಆಗಲೇ ರೋಬಸ್ಟಾ ಕೊಂಡಾಗಿತ್ತು! ನಾವು ನಕ್ಕೆವು, ಆದರೆ ಇಂಥದ್ದೇ ಹಾಳೆಯ ಮೇಲೆ ಮೊದಲ ಡ್ಯಾಶ್‌ಬೋರ್ಡ್ ನಿಂತಿತ್ತು.

ಈ ಎಲ್ಲವನ್ನೂ ಕೈಯಿಂದ ತಿದ್ದಿದ್ದರೆ ಮುಂದಿನ ವಾರ ಮತ್ತೆ ತಿದ್ದಬೇಕಾಗುತ್ತಿತ್ತು. ಇಲ್ಲಿ ನೆರವಿಗೆ ಬಂದದ್ದು ಪವರ್ ಕ್ವೆರಿ. 2010 ಮತ್ತು 2013ರ ಎಕ್ಸೆಲ್‌ಗೆ ಇದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. 2016ರ ಆವೃತ್ತಿಯಿಂದ ಡೇಟಾ ಪಟ್ಟಿಯೊಳಗೇ ಇದೆ. ಒಂದು ಫೋಲ್ಡರ್ ತೋರಿಸಿದರೆ ಅದರಲ್ಲಿರುವ ಕಡತಗಳನ್ನೆಲ್ಲ ಓದಿ ಒಂದರ ಕೆಳಗೊಂದು ಜೋಡಿಸುತ್ತದೆ, ಮತ್ತು ಒಮ್ಮೆ ಹೇಳಿಕೊಟ್ಟ ತಿದ್ದುಪಡಿಗಳನ್ನು ಹಂತಗಳಾಗಿ ನೆನಪಿಟ್ಟುಕೊಂಡು ಪ್ರತಿ ಸಲವೂ ಅದೇ ಕ್ರಮದಲ್ಲಿ ಮಾಡುತ್ತದೆ. ಒಂದು ಎಚ್ಚರಿಕೆ ಬೇಕು: ಕಾಲಂ ತಲೆಬರಹಗಳು ಎಲ್ಲ ಕಡತಗಳಲ್ಲೂ ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ 'ತೂಕ', ಇನ್ನೊಂದರಲ್ಲಿ 'ಒಟ್ಟು ತೂಕ' ಎಂದಿದ್ದರೆ ಎರಡನೆಯದು ಖಾಲಿಯಾಗಿ ಬರುತ್ತದೆ. ಆದ್ದರಿಂದ ಆಕೆ ಮೂರು ಡಿಪೋಗಳಿಗೂ ಒಂದೇ ನಮೂನೆಯ ಹಾಳೆ ಕಳಿಸಿದರು. ತೂಕದ ಕಾಲಂನಲ್ಲಿ ಸಂಖ್ಯೆಯ ಹೊರತು ಏನನ್ನೂ ಒಪ್ಪದಂತೆ ಡೇಟಾ ವ್ಯಾಲಿಡೇಶನ್ ಹಾಕಿದರು, ದಿನಾಂಕಕ್ಕೂ ಹಾಗೆಯೇ. ಮೂಡಿಗೆರೆಯ ರೈಟರ್ ಫೋನ್ ಮಾಡಿ "ಏನು ಮೇಡಂ, ಕೆ.ಜಿ. ಅಂತ ಬರೆಯೋಕೂ ಬಿಡಲ್ಲ ನಿಮ್ಮ ಹಾಳೆ" ಎಂದು ಗೊಣಗಿದರಂತೆ.

ಎಕ್ಸ್‌ಲುಕಪ್ ಕುರಿತು ಒಂದು ಮಾತು. ವಿಲುಕಪ್‌ನ ಕಾಟ ಕಂಡ ಮೇಲೆ ಆಕೆ ಮನೆಯಲ್ಲಿ ಬ್ರೌಸರ್ ಮೂಲಕ ಬಳಸುವ ಎಕ್ಸೆಲ್‌ನಲ್ಲಿ ಎಕ್ಸ್‌ಲುಕಪ್ ಕಲಿತು ಬಂದರು. ಅದು ತಾನಾಗಿಯೇ ನಿಖರ ಹೊಂದಾಣಿಕೆಯನ್ನು ಹುಡುಕುತ್ತದೆ, ಎಡಕ್ಕೂ ಬಲಕ್ಕೂ ನೋಡುತ್ತದೆ, ಒಳ್ಳೆಯ ಸೂತ್ರವೇ. ಆದರೆ ಮೈಕ್ರೋಸಾಫ್ಟ್ ಅದನ್ನು ಹೊರತಂದದ್ದು 2019ರಲ್ಲಿ, ಚಂದಾ ಕಟ್ಟುವ ಆವೃತ್ತಿಗೆ. ಕಚೇರಿಯಲ್ಲಿದ್ದ 2016ರ ಎಕ್ಸೆಲ್‌ಗೆ ಅದರ ಪರಿಚಯವೇ ಇಲ್ಲ. ಕೋಶವನ್ನು ಮುಟ್ಟಿ ಎಂಟರ್ ಒತ್ತಿದೊಡನೆ ಉತ್ತರದ ಜಾಗದಲ್ಲಿ ನೇಮ್ ದೋಷ ಬಂತು. ಕೊನೆಗೆ ಇಂಡೆಕ್ಸ್ ಮತ್ತು ಮ್ಯಾಚ್ ಎಂಬ ಹಳೆಯ ಜೋಡಿಗೇ ಮರಳಿದರು, ನಿಖರ ಹೊಂದಾಣಿಕೆಗಾಗಿ ಮ್ಯಾಚ್‌ನ ಕೊನೆಯಲ್ಲಿ ತಪ್ಪದೆ ಸೊನ್ನೆ ಹಾಕಿ.

ತೇವಾಂಶದ ಒಂದು ಕಾಲಂ

ಪ್ರಕರಣದ ತಿರುಳು ಇಲ್ಲಿದೆ. ಒಣಗಿದ ಕಾಫಿಯಲ್ಲಿ ಇರಬಹುದಾದ ತೇವಾಂಶಕ್ಕೆ ಒಪ್ಪಿತ ಮಿತಿಗಳಿವೆ: ಪಾರ್ಚ್‌ಮೆಂಟ್‌ಗೆ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಶೇ. 10, ಅರೇಬಿಕಾ ಚೆರ್ರಿಗೆ ಶೇ. 10.5, ರೋಬಸ್ಟಾ ಚೆರ್ರಿಗೆ ಶೇ. 11. ಡಿಪೋಗಳಿಗೆ ತೇವಾಂಶ ಮಾಪಕ ಕೊಟ್ಟಿದ್ದರು. ರೈಟರ್‌ಗಳು ತೂಕದ ಚೀಟಿಯಲ್ಲಿ ಅದರ ಅಂಕಿಯನ್ನು ಬರೆಯುತ್ತಲೂ ಇದ್ದರು. ಆದರೆ ಆ ಅಂಕಿಯನ್ನು ಕಚೇರಿಯಲ್ಲಿ ಯಾರೂ ಕಂಪ್ಯೂಟರ್‌ಗೆ ಏರಿಸುತ್ತಿರಲಿಲ್ಲ. ಸಹಾಯಕಿ ಅದಕ್ಕೊಂದು ಕಾಲಂ ಮಾಡಿ, ಹಳೆಯ ಚೀಟಿಗಳಿಂದ ಆ ಹಂಗಾಮಿನ ಅಂಕಿಗಳನ್ನೆಲ್ಲ ತುಂಬಿದರು.

ಲೆಕ್ಕ ಹೀಗಿದೆ. ಶೇ. 13 ತೇವಾಂಶದ 5,000 ಕೆ.ಜಿ. ರೋಬಸ್ಟಾ ಚೆರ್ರಿ, ಅಂದರೆ 100 ಚೀಲ, ಡಿಪೋಕ್ಕೆ ಬಂತೆನ್ನೋಣ. ಅದರಲ್ಲಿ ನೀರು ಬಿಟ್ಟು ಉಳಿಯುವ ಒಣ ಅಂಶ 4,350 ಕೆ.ಜಿ. ಕಾಫಿ ಒಣಗುವಾಗ ಹೋಗುವುದು ನೀರು ಮಾತ್ರ. ಒಣ ಅಂಶ ಹಾಗೆಯೇ ಇರುತ್ತದೆ. ತೇವಾಂಶ ಶೇ. 11ಕ್ಕೆ ಇಳಿದಾಗ ಆ 4,350 ಕೆ.ಜಿ. ಒಟ್ಟು ತೂಕದ ಶೇ. 89 ಆಗಿರುತ್ತದೆ. 4,350ನ್ನು 0.89ರಿಂದ ಭಾಗಿಸಿದರೆ ಸುಮಾರು 4,888 ಕೆ.ಜಿ. ಎಂದರೆ ಯಾರೂ ಒಂದು ಬೀಜವನ್ನೂ ಮುಟ್ಟದೆಯೇ 112 ಕೆ.ಜಿ. ಕಡಿಮೆಯಾಗುತ್ತದೆ. ಶೇ. 13ರಿಂದ 11ಕ್ಕೆ ಇಳಿದರೆ ತೂಕವೂ ಶೇ. 2ರಷ್ಟೇ ಇಳಿಯುತ್ತದೆಂದು, ಅಂದರೆ 100 ಕೆ.ಜಿ. ಎಂದು ಲೆಕ್ಕ ಹಾಕುವವರು ಬಹಳ ಮಂದಿ. ನಾನೂ ಅಂದಿನವರೆಗೆ ಹಾಗೆಯೇ ಮಾಡುತ್ತಿದ್ದೆ.

ಪ್ರತಿ ಲಾಟ್‌ನ ಎದುರು ಈ 'ಒಣಗುವುದರಿಂದ ಆಗಬೇಕಾದ ಇಳಿಕೆ' ಬಂದ ಮೇಲೆ, ಕ್ಯೂರಿಂಗ್‌ನಲ್ಲಿ ನಿಜವಾಗಿ ಕಂಡ ಇಳಿಕೆಯಿಂದ ಅದನ್ನು ಕಳೆದು 'ಕಾರಣ ಸಿಗದ ಇಳಿಕೆ' ಎಂಬ ಇನ್ನೊಂದು ಕಾಲಂ ಮಾಡಿದರು. ಮಿತಿಯ ಅಂಕಿಯನ್ನು ಸೂತ್ರದೊಳಗೆ ಹುದುಗಿಸದೆ, ಹಾಳೆಯ ಮೇಲ್ಭಾಗದಲ್ಲಿ ಒಂದು ಹಳದಿ ಕೋಶದಲ್ಲಿ ಪ್ರತ್ಯೇಕವಾಗಿ ಇಟ್ಟರು. ಈ ಸಣ್ಣ ವಿವೇಚನೆ ಮುಂದೆ ಬಹಳ ಕೆಲಸಕ್ಕೆ ಬಂತು. ಡಿಪೋವಾರು ಮೊತ್ತಕ್ಕೆ ಪಿವಟ್ ಟೇಬಲ್ ಬಿಟ್ಟು, ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ಸ್ ಸೂತ್ರ ಬಳಸಿದರು. ಪವರ್ ಕ್ವೆರಿಗೆ ಹೇಗೂ ರಿಫ್ರೆಶ್ ಒತ್ತಬೇಕು; ಅದಾದ ಮೇಲೆ ಪಿವಟ್‌ಗೂ ಒತ್ತುವುದನ್ನು ಮರೆತು ಮತ್ತೊಮ್ಮೆ ಮುಖಭಂಗವಾಗುವುದು ಅವರಿಗೆ ಬೇಡವಾಗಿತ್ತು.

ಎರಡನೆಯ ಸೋಮವಾರ

ಈ ಸಲ ಆಕೆ ಲ್ಯಾಪ್‌ಟಾಪ್ ತೆರೆಯಲಿಲ್ಲ. ಒಂದೇ ಒಂದು ಎ4 ಹಾಳೆಯನ್ನು ಮುದ್ರಿಸಿ ಸಾಹುಕಾರರ ಪುಸ್ತಕದ ಪಕ್ಕ ಇಟ್ಟರು. ಮೂರು ಸಾಲು, ಐದು ಕಾಲಂ. ಅಂಕಿಗಳು ಲಕ್ಷದ ಅಲ್ಪವಿರಾಮದೊಂದಿಗೆ, ದೊಡ್ಡ ಅಕ್ಷರದಲ್ಲಿ. ಮೊದಲ ಕಾಲಂ ಸಾಹುಕಾರರ ಪುಸ್ತಕದಿಂದಲೇ ತೆಗೆದ ಮೊತ್ತ. ಅವರು ಬೆರಳಿಟ್ಟು ತಾಳೆ ನೋಡಿದರು, ಹೊಂದಿತು. ಆಮೇಲೆಯೇ ಅವರ ಕಣ್ಣು ಬಲಕ್ಕೆ ಸರಿದದ್ದು.

ಮೂಡಿಗೆರೆಯಲ್ಲಿ ಇಳಿಕೆ ಎಂದಿನಂತೆ ಎಲ್ಲಕ್ಕಿಂತ ಹೆಚ್ಚಿತ್ತು. ಆದರೆ ಅಲ್ಲಿನ ರೈಟರ್ ಬರೆದ ತೇವಾಂಶವೂ ಹೆಚ್ಚೇ ಇತ್ತು. ಒಣಗುವ ಲೆಕ್ಕ ಕಳೆದರೆ ಕಾರಣ ಸಿಗದೆ ಉಳಿದದ್ದು ಕೆಲವೇ ಕಿಲೋ. ಆಲ್ದೂರಿನದೂ ಹಾಗೆಯೇ. ಕೊಪ್ಪದಲ್ಲಿ ಒಟ್ಟು ಇಳಿಕೆ ಮಧ್ಯಮ ಪ್ರಮಾಣದ್ದು, ಇಷ್ಟು ವರ್ಷ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ 'ಕಾರಣ ಸಿಗದ' ಕಾಲಂನಲ್ಲೇ ಬಿದ್ದಿತ್ತು.

ಸಾಹುಕಾರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಕೊಪ್ಪದಲ್ಲಿ ಕದೀತಿದ್ದಾರಾ?" ಎಂದರು.

"ಹಾಗೆ ಹೇಳೋಕಾಗಲ್ಲ ಸರ್" ಎಂದರು ಆಕೆ. "ಕೊಪ್ಪದ ಚೀಟಿಗಳಲ್ಲಿ ತೇವಾಂಶ ಎಲ್ಲಾ ಕಡೆ 11 ಅಂತಲೇ ಇದೆ. ಕಾಫಿ ಯಾರ ಕಣದಿಂದ ಬಂದರೂ 11, ಮೋಡ ಹಾಕಿದ ವಾರದಲ್ಲೂ 11. ಮೀಟರ್ ಇಟ್ಟು ನೋಡಿದ್ದರೆ ಹೀಗೆ ಬರೋದಿಲ್ಲ. ಅಳತೆ ಮಾಡಿಲ್ಲ ಅನ್ನೋದಷ್ಟೇ ಈ ಹಾಳೆಯಿಂದ ಗೊತ್ತಾಗೋದು ಸರ್."

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ತೂಕದ ಮಾತು ಇದೇ. ಕಾರಣ ಸಿಗದ ಅಂಕಿಗೆ ಆಕೆ ಅಪರಾಧಿಯೊಬ್ಬನನ್ನು ಒದಗಿಸಬಹುದಿತ್ತು; ಸಾಹುಕಾರರು ಒಪ್ಪಲು ಸಿದ್ಧರಾಗಿಯೂ ಇದ್ದರು. ಇಷ್ಟು ವರ್ಷ ಮೂಡಿಗೆರೆಯವರ ಮೇಲಿದ್ದ ಸಂಶಯವನ್ನು ಕೊಪ್ಪದವರ ತಲೆಗೆ ವರ್ಗಾಯಿಸುವುದು ಆ ಕ್ಷಣದಲ್ಲಿ ತೀರ ಸುಲಭವಾಗಿತ್ತು.

ಆಮೇಲೆ ಸಾಹುಕಾರರು ಒಂದು ಪ್ರಶ್ನೆ ಕೇಳಿದರು: "ನಾವು 11 ಅಂತ ಹಿಡೀದೆ 12 ಅಂತ ಹಿಡಿದರೆ?" ಗೋದಾಮಿನಲ್ಲಿ ಕಾಫಿ ಅಷ್ಟು ಚೆನ್ನಾಗಿ ಒಣಗುವುದಿಲ್ಲ ಎಂಬುದು ಅವರ ವಾದ, ಅನುಭವದ ವಾದ. ಆಗ ಆಕೆ ಲ್ಯಾಪ್‌ಟಾಪ್ ತೆರೆದು ಹಳದಿ ಕೋಶದಲ್ಲಿದ್ದ 11ನ್ನು ಅಳಿಸಿ 12 ಎಂದು ಬರೆದು ಎಂಟರ್ ಒತ್ತಿದರು. ಹಾಳೆಯ ಸಾಲುಗಳೆಲ್ಲ ಒಟ್ಟಿಗೆ ಬದಲಾದವು. ಮೇಲಿನ ಉದಾಹರಣೆಯನ್ನೇ ತೆಗೆದುಕೊಂಡರೆ, 112 ಕೆ.ಜಿ. ಇದ್ದ ಸಹಜ ಇಳಿಕೆ ಸುಮಾರು 57ಕ್ಕೆ ಬಂತು. ಮೂಡಿಗೆರೆಯ ಲೆಕ್ಕದಲ್ಲಿ ಕಾರಣ ಸಿಗದ ಇಳಿಕೆ ಮತ್ತೆ ದೊಡ್ಡದಾಯಿತು. ಸಾಹುಕಾರರು ತಾವೇ ಕೀಲಿಮಣೆಯನ್ನು ಎಳೆದುಕೊಂಡು 11.5 ಹಾಕಿ ನೋಡಿದರು, ಮತ್ತೆ 11 ಹಾಕಿದರು. ಕ್ಯೂರಿಂಗ್‌ನವರು ಇಳಿಸಿಕೊಳ್ಳುವಾಗ ಬರೆದ ತೇವಾಂಶ ಎಷ್ಟೆಂದು ಫೋನ್ ಮಾಡಿ ಕೇಳಿಸಿದರು. ಅದು 11ರ ಆಸುಪಾಸಿನಲ್ಲೇ ಇತ್ತು.

ಒಂದು ಅಂಕಿ ಬದಲಿಸಿದರೆ ಅದಕ್ಕೆ ಅಂಟಿದ ಲೆಕ್ಕಗಳೆಲ್ಲ ತಾವಾಗಿಯೇ ಬದಲಾಗುವುದು 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಹಳೆಯ ಲೆಕ್ಕದ ತಂತ್ರಾಂಶದ ಕಾಲದಿಂದಲೂ ಸ್ಪ್ರೆಡ್‌ಶೀಟ್‌ನ ಮೂಲಗುಣ. ಎಕ್ಸೆಲ್ ಹುಟ್ಟಿದ್ದೇ ಅದಾದ ಆರು ವರ್ಷಕ್ಕೆ. ಆ ಕೋಣೆಯಲ್ಲಿ ಸಾಹುಕಾರರನ್ನು ಬೆರಗುಗೊಳಿಸಿದ್ದು ಆ ಹಳೆಯ ಗುಣವೇ ಹೊರತು, ಐದು ವಾರ ಬೆನ್ನಹಿಂದೆ ದುಡಿದ ಪವರ್ ಕ್ವೆರಿ ಅಲ್ಲ. ಅದರ ಹೆಸರು ಅವರಿಗೆ ಇಂದಿಗೂ ಗೊತ್ತಿಲ್ಲ. ಆಕೆ ಆ ದಿನ, ಬೇಕಾದ ಉತ್ತರ ಬರಲು ಯಾವ ಅಂಕಿ ಹಾಕಬೇಕೆಂದು ಹುಡುಕಿಕೊಡುವ ಗೋಲ್ ಸೀಕ್ ಸೌಲಭ್ಯವನ್ನೂ ತೋರಿಸಲು ಸಿದ್ಧವಾಗಿ ಬಂದಿದ್ದರು. ನಾನು ಬೇಡವೆಂದು ಸನ್ನೆ ಮಾಡಿದೆ. ಒಂದು ಭಾಗಾಕಾರದಲ್ಲಿ ಮುಗಿಯುವ ಲೆಕ್ಕಕ್ಕೆ ಅದರ ಅಗತ್ಯವಿರಲಿಲ್ಲ.

ನಂತರ ಆದದ್ದು

ಕೊಪ್ಪದ ಮಾಪಕವನ್ನು ತರಿಸಿ ನೋಡಿದಾಗ ಅದರ ಬ್ಯಾಟರಿ ಯಾವತ್ತೋ ಸತ್ತಿತ್ತು. ಅಲ್ಲಿನ ರೈಟರ್ ಹಿರಿಯರು. ಚೆರ್ರಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಬೀಜ ಗಲಗಲ ಎನ್ನುವುದನ್ನು ಕೇಳಿ, ಹಲ್ಲಿನಲ್ಲಿ ಕಚ್ಚಿ ನೋಡಿ ಕೊಳ್ಳುತ್ತಿದ್ದರು. ಆ ವಿದ್ಯೆ ಸುಳ್ಳಲ್ಲ, ಆದರೆ ಅದು ಶೇ. 11 ಮತ್ತು 12.5ರ ನಡುವಿನ ಅಂತರವನ್ನು ಹೇಳಲಾರದು. ಬ್ಯಾಟರಿ ಬದಲಿಸಿದ ಮೇಲೆ ಕೊಪ್ಪದ ಚೀಟಿಗಳಲ್ಲಿ ಬೇರೆ ಬೇರೆ ಅಂಕಿಗಳು ಬರತೊಡಗಿದವು, ಮತ್ತು ಮಿತಿ ಮೀರಿದ ಲಾಟ್‌ಗಳಿಗೆ ತೂಕದಲ್ಲಿ ಕಡಿತ ಹಾಕುವ ಸೂತ್ರವೊಂದು ಮೂರೂ ಡಿಪೋಗಳಿಗೆ ಸಮನಾಗಿ ಬಂತು. ಇದರಿಂದ ಕೆಲವು ಬೆಳೆಗಾರರು ಸಿಡಿಮಿಡಿಗೊಂಡದ್ದೂ ನಿಜ. ಚೆನ್ನಾಗಿ ಒಣಗಿಸಿ ತಂದವರಿಗೆ ಹೆಚ್ಚು ಕೊಡಬೇಡವೇ ಎಂದು ಆಲ್ದೂರಿನ ಒಬ್ಬರು ಕೇಳಿದ ಪ್ರಶ್ನೆಗೆ ಕಚೇರಿ ಇನ್ನೂ ಉತ್ತರ ಕೊಟ್ಟಿಲ್ಲ.

ಕುಂದುಗಳೂ ಉಳಿದಿವೆ. ಪವರ್ ಕ್ವೆರಿಯ ಹಂತಗಳು ಆ ಸಹಾಯಕಿಯೊಬ್ಬರಿಗೇ ಗೊತ್ತು. ಅವರು ಎರಡು ವಾರ ರಜೆ ಹೋದರೆ ಹಾಳೆ ನಿಂತುಹೋಗುತ್ತದೆ. ಮೂಡಿಗೆರೆಯ ಕಂಪ್ಯೂಟರ್ ಇಂದಿಗೂ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲೇ ಕಡತ ಉಳಿಸುತ್ತದೆ. ಆ ಮಾದರಿಯಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ, ಹೊಸದರಲ್ಲಿ 10,48,576. ಒಂದು ಡಿಪೋದ ಲಾಟ್‌ಗಳು ಅದನ್ನು ಮುಟ್ಟಲಾರವು ಎಂದು ನಾವೆಲ್ಲ ನಿಶ್ಚಿಂತರಾಗಿದ್ದೇವೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಇದೇ ಹಳೆಯ ಮಾದರಿಯ ಮಿತಿಯಿಂದ 15,841 ಕೋವಿಡ್ ಪ್ರಕರಣಗಳನ್ನು ಲೆಕ್ಕದಿಂದ ಬಿಟ್ಟಿದ್ದರೆಂದು ನಾನು ಹೇಳಿದ ಮೇಲೆ, ಆಕೆ ಮೂಡಿಗೆರೆಯ ರೈಟರ್‌ಗೆ ಫೋನ್ ಮಾಡಿ ಕಡತವನ್ನು ಹೊಸ ಮಾದರಿಯಲ್ಲಿ ಉಳಿಸುವುದು ಹೇಗೆಂದು ಹೇಳಿಕೊಟ್ಟರು. ಮುಂದಿನ ವಾರ ಕಡತ ಮತ್ತೆ ಹಳೆಯ ಮಾದರಿಯಲ್ಲೇ ಬಂತು.

ಮೂರೂ ಡಿಪೋಗಳ ಲೆಕ್ಕ ಈಗ ಸಹಾಯಕಿಯ ಕೈಯಲ್ಲಿದೆ. ಸಾಹುಕಾರರು ರೋಕಡಿ ಪುಸ್ತಕ ಬಿಟ್ಟಿಲ್ಲ; ಬಿಡುವ ಲಕ್ಷಣವೂ ಇಲ್ಲ. ಆದರೆ ಈ ಹಂಗಾಮಿನಿಂದ ಅವರು ಪುಸ್ತಕದ ಬಲ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಕೊಂಡು, ತೂಕದ ಪಕ್ಕದಲ್ಲೇ ತೇವಾಂಶವನ್ನೂ ಬರೆಯುತ್ತಿದ್ದಾರೆ.